ಫ್ಯೂಸ್ ಕಾಯುವುದು ಕೇಬಲ್ಲನ್ನು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

2000 ವ್ಯಾಟಿನ ಇನ್ವರ್ಟರ್ ಚಾರ್ಜರ್‌ಗೆ ಬ್ಯಾಟರಿ ಕಡೆ ಎಷ್ಟು ಆಂಪಿನ ಫ್ಯೂಸ್ ಹಾಕಲಿ ಅಂತ ಕೇಳಿದ್ದೀಯ. ಬ್ಯಾಟರಿ 12 ವೋಲ್ಟಿನದು, 2000ವನ್ನು 12ರಿಂದ ಭಾಗಿಸಿ 167 ಬಂತು, 175 ಸಾಕಲ್ವಾ ಅಂತಲೂ ಬರೆದಿದ್ದೀಯ. ಸಾಲದು ಕಣೆ. ಬ್ಯಾಟರಿ ಇಳಿದು 11 ವೋಲ್ಟಿಗೆ ಬಂದಾಗಲೂ ಇನ್ವರ್ಟರ್ ಅಷ್ಟೇ ವ್ಯಾಟ್ ಕೊಡಬೇಕು, ಜೊತೆಗೆ ನೂರರಲ್ಲಿ ಹತ್ತು ಪಾಲು ಅದರೊಳಗೇ ಬಿಸಿಯಾಗಿ ಹೋಗುತ್ತದೆ ಅಂತಿಟ್ಟುಕೋ, ಆಗ ಕೇಬಲ್‌ನಲ್ಲಿ ಹರಿಯುವುದು ಸುಮಾರು 202 ಆಂಪ್. ಇದರ ಮೇಲೆ ಕಾಲು ಭಾಗ ಸೇರಿಸು, 252 ಆಯಿತು. ಸಿಗುವ ಮುಂದಿನ ಅಳತೆ 300. ಚಾರ್ಜಿಂಗ್ ಕರೆಂಟ್ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ, ಅದರ ಚಿಂತೆ ಬೇಡ. 24 ವೋಲ್ಟಿನ ಬ್ಯಾಟರಿ ಆಗಿದ್ದರೆ ಎಲ್ಲ ಅರ್ಧಕ್ಕೆ ಇಳಿಯುತ್ತಿತ್ತು, ಕೇಬಲ್ ಖರ್ಚೂ ಉಳಿಯುತ್ತಿತ್ತು.

ಆದರೆ 300 ಅಂತ ಬಂದ ಕೂಡಲೇ ಹೋಗಿ ತರಬೇಡ. ಇನ್ವರ್ಟರ್‌ಗೆ ಅದರದೇ ರಕ್ಷಣೆ ಒಳಗಿರುತ್ತದೆ. ಈ ಫ್ಯೂಸ್ ಇರುವುದು ಕೇಬಲ್ ಸುಡದಿರಲಿ ಅಂತ. ನಿನ್ನ ಕೇಬಲ್ 200 ಆಂಪಷ್ಟೇ ತಡೆಯುವುದಾದರೆ, 300ರ ಫ್ಯೂಸ್ ಸುಮ್ನೆ ಕೂತು ನೋಡುತ್ತಿರುತ್ತದೆ, ಕೇಬಲ್ ಹೊತ್ತಿಕೊಳ್ಳುತ್ತದೆ. ಹಾಗಂತ ಫ್ಯೂಸ್ ಚಿಕ್ಕದು ಮಾಡಿದರೆ ಪೂರ್ತಿ ಲೋಡ್ ಬಿದ್ದಾಗಲೆಲ್ಲ ಅದು ಹೋಗುತ್ತದೆ. ಕೇಬಲ್ಲನ್ನೇ ದಪ್ಪ ಮಾಡು. ಇನ್ವರ್ಟರ್ ಜೊತೆ ಬಂದ ಪುಸ್ತಕದಲ್ಲಿ ಎರಡರ ಅಳತೆಯೂ ಇರುತ್ತದೆ, ನನ್ನ ಲೆಕ್ಕಕ್ಕಿಂತ ಅದೇ ದೊಡ್ಡದು.

ಇನ್ನೊಂದು ವಿಷಯ, ಇದನ್ನು ಜನ ಕೇಳುವುದೇ ಇಲ್ಲ. ಆಂಪ್ ಸರಿ ಇದ್ದರೂ ಫ್ಯೂಸ್‌ನ ಜಾತಿ ಬೇರೆ ಇರಬಹುದು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಒಂದೇ ಕ್ಷಣದಲ್ಲಿ ಸಾವಿರಾರು ಆಂಪ್ ನುಗ್ಗುತ್ತದೆ. ಅಗ್ಗದ ಫ್ಯೂಸ್ ಒಳಗೆ ಕರಗಿದರೂ ಕಿಡಿ ಆರುವುದಿಲ್ಲ, ಯಾಕೆಂದರೆ ಬ್ಯಾಟರಿಯ ಡಿಸಿ ಕರೆಂಟ್ ಮನೆಗೆ ಬರುವ ಎಸಿ ಕರೆಂಟಿನ ಹಾಗೆ ಮಧ್ಯೆ ಮಧ್ಯೆ ಸೊನ್ನೆಗೆ ಬರುವುದಿಲ್ಲ. ಅದಕ್ಕೇ ಲಿಥಿಯಂಗೆ ಕ್ಲಾಸ್ ಟಿ ಫ್ಯೂಸ್ ಹಾಕು, ಅದು 20,000 ಆಂಪಿನ ಶಾರ್ಟನ್ನೂ ಕತ್ತರಿಸಬಲ್ಲದು. ದುಬಾರಿ, ಗೊತ್ತು. ಮನೆಯ ಎಸಿ ಬೋರ್ಡಿನ ಫ್ಯೂಸ್ ಅಂತೂ ಇಲ್ಲಿ ಬೇಡವೇ ಬೇಡ.

ಪಾಸಿಟಿವ್ ಟರ್ಮಿನಲ್‌ಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಕೂರಿಸು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡಿಗೆ ಯಾವ ಕಾವಲೂ ಇರುವುದಿಲ್ಲ. ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆ, ಅಂದರೆ ಲಗ್, ಫ್ಯೂಸ್‌ಗೆ ನೇರವಾಗಿ ತಾಗಬೇಕು, ನಡುವೆ ವಾಷರ್ ಸೇರಿಸಬೇಡ, ನಟ್ಟಿನ ಕೆಳಗೆ ಹಾಕು. ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ದೊಡ್ಡ ಲೋಡ್ ಓಡಿಸಿ, ಆಫ್ ಮಾಡಿ, ಲಗ್ ಹತ್ತಿರ ಕೈ ಹಿಡಿದು ನೋಡು. ಕೇಬಲ್‌ಗಿಂತ ಅಲ್ಲಿ ಜಾಸ್ತಿ ಬಿಸಿ ಇದ್ದರೆ ನಟ್ಟು ಸಡಿಲ ಇದೆ ಅಥವಾ ಲಗ್ ಸರಿಯಾಗಿ ಒತ್ತಿಲ್ಲ.

ನಿನ್ನ ಮಾವ