ಕಂಪ್ಯೂಟರ್ ಆಟಗಳ ಮಸುಕು ಚಿತ್ರ: ಆಯ್ಕೆ ಆಡುವವರ ಕೈಯಲ್ಲಿರಲಿ

ಮಾನ್ಯ ಸಂಪಾದಕರೇ,

ತುಮಕೂರಿನ ಕನ್ನಡಕದ ಅಂಗಡಿಯೊಂದರಲ್ಲಿ ದೃಷ್ಟಿ ಪರೀಕ್ಷೆ ಮಾಡುವುದು ನನ್ನ ಉದ್ಯೋಗ. ಕಳೆದ ಬೇಸಿಗೆ ರಜೆಯಲ್ಲಿ ತಂದೆಯೊಬ್ಬರು ಪಿಯುಸಿ ಓದುವ ಮಗನನ್ನು ಕರೆತಂದು, "ಕಂಪ್ಯೂಟರ್ ಮುಂದೆ ಕೂತು ಕೂತು ಇವನ ಕಣ್ಣು ಮಂಜಾಗಿದೆ ಸಾರ್. ಆಟದಲ್ಲಿ ದೂರದ್ದೇನೂ ಸರಿಯಾಗಿ ಕಾಣಲ್ಲ ಅಂತಾನೆ. ಪವರ್ ಎಷ್ಟು ಬಂದಿದೆಯೋ ನೋಡಿ" ಎಂದರು. ಹುಡುಗ 6/6ರ ಸಾಲನ್ನು ಎರಡೂ ಕಣ್ಣಿನಿಂದ ತಡವರಿಸದೆ ಓದಿದ. ಹತ್ತಿರದ ಅಕ್ಷರಗಳಲ್ಲೂ ತೊಂದರೆ ಇರಲಿಲ್ಲ. ಅದೇ ಮಾನಿಟರಿನಲ್ಲಿ ಹಳೆಯ ಆಟಗಳು ಹೇಗೆ ಕಾಣುತ್ತವೆ ಎಂದು ಕೇಳಿದೆ. "ಅವು ಚೆನ್ನಾಗೇ ಕಾಣುತ್ತೆ ಅಂಕಲ್. ಹೊಸ ಗೇಮ್ ಮಾತ್ರ ಗಾಜಿಗೆ ಎಣ್ಣೆ ಸವರಿದ ಹಾಗಿರುತ್ತೆ, ಅದೂ ಓಡುವಾಗ" ಎಂದ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ ನಾನೂ ಅಂಥ ಆಟಗಳನ್ನು ಆಡುವವನಾದ್ದರಿಂದ (ಈ ವಯಸ್ಸಿನಲ್ಲಿ ಇದೇನು ಎಂದು ಮನೆಯಲ್ಲಿ ಕೇಳುವುದುಂಟು) ಅವನ ಮಾತು ನನಗೆ ಕೂಡಲೇ ಅರ್ಥವಾಯಿತು. ಕನ್ನಡಕ ಬರೆದುಕೊಡಲಿಲ್ಲ. ದೋಷ ಹುಡುಗನ ಕಣ್ಣಿನದ್ದಲ್ಲ, ಹೊಸ ಆಟಗಳು ಚಿತ್ರ ಬಿಡಿಸುವ ವಿಧಾನದ್ದು. ಆ ತಂದೆಗೆ ನಿಂತ ನಿಲುವಿನಲ್ಲಿ ವಿವರಿಸಲಾಗದೆ ಹೋದ ಇದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಲು ಈ ಪತ್ರ.

ಪರದೆಯೆಂಬುದು ಶಾಲೆಯ ಗ್ರಾಫ್ ಹಾಳೆ ಇದ್ದಂತೆ. ಒಂದು ಚೌಕಕ್ಕೆ (ಇದೇ ಪಿಕ್ಸೆಲ್) ಒಂದೇ ಬಣ್ಣ ತುಂಬಬೇಕೆಂಬ ಕಟ್ಟಳೆಯಲ್ಲಿ ಓರೆಗೆರೆ ಎಳೆದರೆ ಅದು ಮೆಟ್ಟಿಲು ಮೆಟ್ಟಿಲಾಗುತ್ತದೆ. ಆ ಮೆಟ್ಟಿಲುಗಳನ್ನು ಮರೆಸುವ ಉಪಾಯಗಳಿಗೆಲ್ಲ ಒಟ್ಟಾಗಿ ಆ್ಯಂಟಿ-ಅಲಿಯಾಸಿಂಗ್ ಎಂದು ಹೆಸರು. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಎಂಎಸ್‌ಎಎ ಎಂಬ ವಿಧಾನವು ವಸ್ತುವಿನ ಅಂಚು ಹಾದುಹೋಗುವ ಚೌಕವನ್ನು ಎರಡು, ನಾಲ್ಕು ಅಥವಾ ಎಂಟು ಬಿಂದುಗಳಲ್ಲಿ ಪರಿಶೀಲಿಸಿ ನಡುವಣ ಬಣ್ಣವನ್ನು ಕೊಡುತ್ತದೆ. ಒಳಗಿನ ವಿವರವನ್ನು ಮುಟ್ಟುವುದಿಲ್ಲ. 2009ರಲ್ಲಿ ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್ವಿಡಿಯಾ ಕಂಪನಿಯ ಟಿಮೊತಿ ಲಾಟ್ಸ್ ರೂಪಿಸಿದ ಎಫ್‌ಎಕ್ಸ್‌ಎಎ ಸಿದ್ಧವಾದ ಚಿತ್ರದಲ್ಲಿ ಅಂಚುಗಳನ್ನು ಹುಡುಕಿ ಉಜ್ಜುತ್ತದೆ. ಕಂಪ್ಯೂಟರಿಗೆ ಅದರ ಹೊರೆ ಕಡಿಮೆ, ಆದರೆ ಅದು ಸ್ವಲ್ಪ ಒರಟು. ಈಗ ಎಲ್ಲೆಡೆ ಹಬ್ಬಿರುವುದು ಟಿಎಎ, ಅಂದರೆ ಟೆಂಪೊರಲ್ ಆ್ಯಂಟಿ-ಅಲಿಯಾಸಿಂಗ್. ಎಪಿಕ್ ಗೇಮ್ಸ್‌ನ ಬ್ರಯಾನ್ ಕಾರಿಸ್ ಅವರು ಆಟಗಳನ್ನು ತಯಾರಿಸಲು ಬಳಸುವ ಅನ್‌ರಿಯಲ್ ಎಂಜಿನ್ 4 ಎಂಬ ತಂತ್ರಾಂಶದಲ್ಲಿ ಇದನ್ನು ಅಳವಡಿಸಿದ ಬಗೆಯನ್ನು 2014ರ ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ವಿವರಿಸಿದ್ದರು.

ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳಲ್ಲಿ ಒಂದೊಂದೂ ಒಂದು ಫ್ರೇಮ್. ಟಿಎಎ ಒಂದೇ ಫ್ರೇಮಿನಲ್ಲಿ ಎಲ್ಲ ಬಿಂದುಗಳನ್ನೂ ನೋಡುವುದಿಲ್ಲ. ಪ್ರತಿ ಫ್ರೇಮಿನಲ್ಲೂ ಆಟದೊಳಗಿನ ಕ್ಯಾಮೆರಾವನ್ನು ಒಂದು ಪಿಕ್ಸೆಲಿಗಿಂತ ಕಡಿಮೆ ದೂರ ಅತ್ತಿತ್ತ ಸರಿಸಿ, ಹಿಂದಿನ ಫ್ರೇಮುಗಳಲ್ಲಿ ಕೂಡಿಟ್ಟ ಚಿತ್ರಕ್ಕೆ ಹೊಸದನ್ನು ಬೆರೆಸುತ್ತ ಹೋಗುತ್ತದೆ. ಸಾಮಾನ್ಯವಾಗಿ ಆ ಬೆರಕೆಯಲ್ಲಿ ಹೊಸ ಫ್ರೇಮಿನ ಪಾಲು ಹತ್ತರಲ್ಲಿ ಒಂದರ ಆಸುಪಾಸು, ಮಿಕ್ಕದ್ದೆಲ್ಲ ಹಳೆಯದು. ಆಟಗಾರ ಸುಮ್ಮನೆ ನಿಂತಿದ್ದರೆ ಫಲಿತಾಂಶ ಸೊಗಸಾಗಿರುತ್ತದೆ. ಆದರೆ ನಡೆಯತೊಡಗಿದೊಡನೆ ಹಳೆಯ ಚಿತ್ರವನ್ನು ಹೊಸ ಜಾಗಕ್ಕೆ ಎತ್ತಿಡಬೇಕು. ಆ ಜಾಗ ಎರಡು ಪಿಕ್ಸೆಲುಗಳ ನಡುವೆ ಬಿದ್ದಾಗ ಅಕ್ಕಪಕ್ಕದ ಬಣ್ಣಗಳನ್ನು ಸರಾಸರಿ ಮಾಡಬೇಕು. ಹೀಗೆ ಸೆಕೆಂಡಿಗೆ ಅರವತ್ತು ಸಲ ಸರಾಸರಿಯ ಮೇಲೆ ಸರಾಸರಿ ಬಿದ್ದು ಸಣ್ಣ ವಿವರವೆಲ್ಲ ಕದಡಿಹೋಗುತ್ತದೆ. ನಮ್ಮ ಜಿಲ್ಲೆಯವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ, ಏಕೆಂದರೆ ತೆಂಗಿನ ಗರಿ ಹೇಗಿರಬೇಕೆಂದು ನಾವು ಯಾರಿಂದಲೂ ಕೇಳಿ ತಿಳಿಯಬೇಕಿಲ್ಲ. ನಾನು ಈಚೆಗೆ ಕೊಂಡ ಆಟವೊಂದರಲ್ಲಿ ಕಡಲ ತೀರದ ತೆಂಗಿನ ಸಾಲಿದೆ. ನಿಂತು ನೋಡಿದರೆ ಗರಿಯ ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಎಣಿಸುವಂತಿರುತ್ತದೆ. ಎರಡು ಹೆಜ್ಜೆ ಹಾಕಿದರೆ ಸಾಕು, ಇಡೀ ಗರಿ ಒದ್ದೆ ಬಟ್ಟೆಯಿಂದ ಒರೆಸಿದ ಹಸಿರು ಪಟ್ಟೆಯಾಗುತ್ತದೆ. ಹಾರುವ ಹಕ್ಕಿಯ ಹಿಂದೆ ತೆಳುವಾದ ನೆರಳಿನಂಥ ಬಾಲ ಎಳೆಯುತ್ತದೆ. ಇದನ್ನು ಆಡುವವರು ಗೋಸ್ಟಿಂಗ್ ಎನ್ನುತ್ತಾರೆ. ಜಾಹೀರಾತುಗಳಲ್ಲೂ, ತಮ್ಮ ಪತ್ರಿಕೆಯೂ ಸೇರಿದಂತೆ ವಿಮರ್ಶೆಗಳ ಜೊತೆಯಲ್ಲೂ ಅಚ್ಚಾಗುವುದು ನಿಂತ ಚಿತ್ರಗಳಾದ್ದರಿಂದ ಈ ದೋಷ ಕೊಳ್ಳುವ ಮೊದಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ನನ್ನ ವೃತ್ತಿಗೆ ಸಂಬಂಧಿಸಿದ ಮಾತು. 6/6 ದೃಷ್ಟಿ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದ ವಿವರವನ್ನು ಕಣ್ಣು ಬಿಡಿಸಿ ನೋಡಬಲ್ಲದು ಎಂದರ್ಥ. 24 ಇಂಚಿನ, 1920×1080ರ (ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್) ಮಾನಿಟರಿನಲ್ಲಿ ಒಂದು ಪಿಕ್ಸೆಲಿನ ಅಗಲ ಸುಮಾರು 0.28 ಮಿಲಿಮೀಟರ್. ಲೆಕ್ಕ ಹಾಕಿದರೆ, ಆ ಚೌಕಗಳು ಕಣ್ಣಿಗೆ ಒಂದರೊಳಗೊಂದು ಬೆರೆಯಲು ಸುಮಾರು 95 ಸೆಂಟಿಮೀಟರ್ ದೂರ ಕೂರಬೇಕು. ಗೋಡೆಗೆ ಆನಿಸಿದ ಮೇಜಿನ ಮುಂದೆ ನಾನು ಕೂರುವ ದೂರವನ್ನು ಟೇಪಿನಲ್ಲಿ ಅಳೆದು ನೋಡಿದೆ, 60 ಸೆಂಟಿಮೀಟರ್ ಬಂತು. ಅಷ್ಟು ಹತ್ತಿರದಿಂದ ಒಂದೊಂದು ಪಿಕ್ಸೆಲಿನ ನಷ್ಟವೂ ಕಾಣುತ್ತದೆ, ಮೆಟ್ಟಿಲೂ ಕಾಣುತ್ತದೆ. 27 ಇಂಚಿನ 4ಕೆ (ಅಡ್ಡಕ್ಕೂ ಉದ್ದಕ್ಕೂ ಇದರ ಎರಡರಷ್ಟು ಪಿಕ್ಸೆಲ್ ಇರುವ) ಮಾನಿಟರಿನಲ್ಲಾದರೆ 55 ಸೆಂಟಿಮೀಟರಿಗೆಲ್ಲ ಚೌಕಗಳು ಬೆರೆತುಬಿಡುತ್ತವೆ. ಅಲ್ಲಿ ಒಂದೆರಡು ಪಿಕ್ಸೆಲ್ ಕದಡಿದರೂ ಕಣ್ಣಿಗೆ ಅಷ್ಟಾಗಿ ತಟ್ಟುವುದಿಲ್ಲ. ಅಂಥ 4ಕೆ ಪರದೆಯಲ್ಲಿ ಪರೀಕ್ಷಿಸಿ 'ಚಿತ್ರ ಅದ್ಭುತ' ಎಂದು ಬರೆಯುವವರೂ 'ಮಸುಕು' ಎಂದು ದೂರುವ ಹುಡುಗರೂ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಆದರೆ ಅಂತರ್ಜಾಲದಲ್ಲಿ ಆಟಗಳನ್ನು ಮಾರುವ ಸ್ಟೀಮ್ ಮಳಿಗೆ ತನ್ನ ಬಳಕೆದಾರರಲ್ಲಿ ನಡೆಸುವ ಸಮೀಕ್ಷೆಯಲ್ಲಿ ವರ್ಷಗಳಿಂದಲೂ ಮೊದಲ ಸ್ಥಾನದಲ್ಲಿರುವುದು 1920×1080. ಬಹುಪಾಲು ಜನರ ಬಳಿ ಇರುವ ಪರದೆಯಲ್ಲೇ ಈ ವಿಧಾನ ಅತಿ ಕೆಟ್ಟದಾಗಿ ಕಾಣುತ್ತದೆ.

ಆಟ ತಯಾರಿಸುವವರ ಪಕ್ಷದಲ್ಲೂ ನ್ಯಾಯವಿಲ್ಲದಿಲ್ಲ. ನೂರಾರು ದೀಪಗಳ ಬೆಳಕನ್ನು ಲೆಕ್ಕ ಹಾಕಲು ಇಂದು ಹೆಚ್ಚಾಗಿ ಬಳಸುವ ಡಿಫರ್ಡ್ ರೆಂಡರಿಂಗ್ ಪದ್ಧತಿಯಲ್ಲಿ ಎಂಎಸ್‌ಎಎಗೆ ತಗಲುವ ಮೆಮೊರಿ ವಿಪರೀತ. ಒದ್ದೆ ರಸ್ತೆಯ ಮೇಲಿನ ಮಿಣುಕು ಅಂಚಿನದ್ದಲ್ಲವಾದ್ದರಿಂದ ಅದನ್ನು ಎಂಎಸ್‌ಎಎ ತಡೆಯುವುದೂ ಇಲ್ಲ. ಹಾಗಿದ್ದರೂ 2020ರ 'ಹಾಫ್-ಲೈಫ್: ಆ್ಯಲಿಕ್ಸ್' ಮತ್ತು 2023ರ 'ಕೌಂಟರ್-ಸ್ಟ್ರೈಕ್ 2' ಆಟಗಳು ಎಂಎಸ್‌ಎಎಯನ್ನೇ ನೆಚ್ಚಿಕೊಂಡಿವೆ. ಸ್ಪಷ್ಟತೆಯೇ ಮುಖ್ಯವೆಂದು ಮೊದಲೇ ನಿಶ್ಚಯಿಸಿಕೊಂಡವರಿಗೆ ದಾರಿ ಇದೆ ಎಂಬುದಕ್ಕೆ ಇಷ್ಟು ಸಾಕು. ನನ್ನ ತಕರಾರು ಇರುವುದು ಟಿಎಎಯನ್ನು ಊರುಗೋಲಾಗಿ ಬಳಸುವ ಅಭ್ಯಾಸದ ಬಗ್ಗೆ. ಕೂದಲು, ಹುಲ್ಲು, ನೆರಳು, ಪ್ರತಿಬಿಂಬ ಇವನ್ನೆಲ್ಲ ಅರೆಬರೆಯಾಗಿ, ಚುಕ್ಕೆ ಚುಕ್ಕೆಯಾಗಿ ಬಿಡಿಸಿ, ಮಿಕ್ಕದ್ದನ್ನು ಟಿಎಎ ಬೆರೆಸಿಕೊಳ್ಳಲಿ ಎಂದು ಬಿಟ್ಟಿರುತ್ತಾರೆ. ಆಗ ಅದನ್ನು ನಿಲ್ಲಿಸಿದರೆ ಪಾತ್ರದ ತಲೆಗೂದಲು ಜರಡಿಯಂತೆ ಕಾಣುತ್ತದೆ. 'ನೋಡಿ, ಇದಕ್ಕೇ ನಾವು ನಿಲ್ಲಿಸುವ ಆಯ್ಕೆ ಕೊಟ್ಟಿಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ನಾನು ಹೇಳಿದ ತೆಂಗಿನ ಸಾಲಿನ ಆಟದಲ್ಲಿ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆಯೇ ಇಲ್ಲ; ಆಟದ ಕಡತವೊಂದನ್ನು ತೆರೆದು ಕೈಯಾರೆ ಸಾಲು ತಿದ್ದಬೇಕಾಯಿತು. ಚಿತ್ರದ ಅಂಚುಗಳನ್ನು ಚೂಪಾಗಿಸುವ ಶಾರ್ಪನಿಂಗ್ ಎಂಬ ಗುಂಡಿಯನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದಾರೆ. ನೀರಾದ ಮಜ್ಜಿಗೆಗೆ ಉಪ್ಪು ಹೆಚ್ಚು ಹಾಕಿದರೆ ನಾಲಗೆಗೆ ಚುರುಕೆನಿಸೀತು, ಮಜ್ಜಿಗೆ ಗಟ್ಟಿಯಾಗದು. ಶಾರ್ಪನಿಂಗ್ ಮಾಡುವುದೂ ಅಷ್ಟೇ. ಅಂಚಿನ ಸುತ್ತ ಬಿಳಿ ಗೆರೆ ಏಳುತ್ತದೆ, ಕಳೆದುಹೋದ ಎಲೆ ಮರಳಿ ಬರುವುದಿಲ್ಲ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎಂಬ, ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವ ಹೊಸ ತಂತ್ರಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಅವು ಟಿಎಎಯಂತೆಯೇ ಹಿಂದಿನ ಫ್ರೇಮುಗಳನ್ನು ನೆಚ್ಚಿದವು (ಎಫ್‌ಎಸ್‌ಆರ್‌ನ ಮೊದಲ ಆವೃತ್ತಿಯೊಂದನ್ನು ಬಿಟ್ಟು). 1920×1080ರಲ್ಲಿ ಡಿಎಲ್‌ಎಸ್‌ಎಸ್ 'ಕ್ವಾಲಿಟಿ' ಎಂದು ಆರಿಸಿಕೊಂಡರೂ ಒಳಗೆ ಚಿತ್ರ ರೂಪುಗೊಳ್ಳುವುದು 1280×720ರಲ್ಲಿ. ಅಂದರೆ 20,73,600 ಪಿಕ್ಸೆಲುಗಳ ಜಾಗದಲ್ಲಿ 9,21,600 ಮಾತ್ರ ನಿಜವಾಗಿ ಬಿಡಿಸಿದವು. 2025ರ ಜನವರಿಯಲ್ಲಿ ಬಂದ ಡಿಎಲ್‌ಎಸ್‌ಎಸ್ 4 ಚಲನೆಯಲ್ಲಿ ಬಹಳ ಮಟ್ಟಿಗೆ ಸುಧಾರಿಸಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಎನ್ವಿಡಿಯಾದ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಮಾತ್ರ. ಹಳೆಯ ಕಾರ್ಡಿನಲ್ಲೇ ಆಡುವ ಹುಡುಗನಿಗೆ ಹಲವು ಆಟಗಳಲ್ಲಿ ಟಿಎಎ, ಎಫ್‌ಎಸ್‌ಆರ್ ಅಥವಾ ಏನೂ ಇಲ್ಲ ಎಂಬಷ್ಟೇ ದಾರಿ, ಕೆಲವೊಮ್ಮೆ ಕೊನೆಯದೂ ಇಲ್ಲ.

ಆದ್ದರಿಂದ ಪೋಷಕರಲ್ಲಿ ಒಂದು ಕೋರಿಕೆ. ಮಕ್ಕಳು ಆಟದಲ್ಲಿ ಮಾತ್ರ ಮಸುಕು ಎಂದರೆ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ, ಅದು ಬೇಡವೆನ್ನುವುದಿಲ್ಲ. ದೋಷವಿಲ್ಲವೆಂದು ಗೊತ್ತಾದ ಮೇಲೆ ಮಾನಿಟರನ್ನೋ ಗ್ರಾಫಿಕ್ಸ್ ಕಾರ್ಡನ್ನೋ ಬದಲಿಸಲು ಓಡುವ ಮೊದಲು ಆಟದ ಸೆಟ್ಟಿಂಗ್ಸ್ ತೆರೆಸಿ. ಮೋಷನ್ ಬ್ಲರ್, ಫಿಲ್ಮ್ ಗ್ರೇನ್, ಡೆಪ್ತ್ ಆಫ್ ಫೀಲ್ಡ್ ಇವು ಬೇಕೆಂದೇ ಚಿತ್ರವನ್ನು ಮಸುಕೋ ಒರಟೋ ಮಾಡುವಂಥವು, ಇವನ್ನು ನಿಲ್ಲಿಸಿ. ರೆಸಲ್ಯೂಷನ್ ಸ್ಕೇಲ್ ನೂರಕ್ಕಿಂತ ಕಡಿಮೆ ಇದೆಯೇ ನೋಡಿ, ಇದ್ದರೆ ಆಟ ಪರದೆಯಲ್ಲಿರುವುದಕ್ಕಿಂತ ಕಡಿಮೆ ಪಿಕ್ಸೆಲುಗಳಲ್ಲಿ ಚಿತ್ರ ಬಿಡಿಸುತ್ತಿದೆ ಎಂದರ್ಥ. ಆ್ಯಂಟಿ-ಅಲಿಯಾಸಿಂಗ್ ಸಾಲಿನಲ್ಲಿ ಎಸ್‌ಎಂಎಎ (ಎಫ್‌ಎಕ್ಸ್‌ಎಎಯಂತೆ ಸಿದ್ಧವಾದ ಚಿತ್ರದ ಅಂಚು ತಿದ್ದುವ ವಿಧಾನ) ಇದ್ದರೆ ಅದನ್ನು ಒಂದು ದಿನ ಬಳಸಿ ನೋಡಲಿ. ಮೆಟ್ಟಿಲು ಕಂಡರೆ ಕಾಣಲಿ, ಕೆಲವರಿಗೆ ಮಸುಕಿಗಿಂತ ಅದೇ ಮೇಲು. ನನಗಂತೂ ಮೇಲು.

ತಮ್ಮಲ್ಲಿಯೂ ಒಂದು ವಿನಂತಿ. ತಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಆಟಗಳ ಬಗ್ಗೆ ಬರೆಯುವಾಗ ಯಾವ ಅಳತೆಯ, ಯಾವ ರೆಸಲ್ಯೂಷನ್ನಿನ ಪರದೆಯಲ್ಲಿ ನೋಡಿದ್ದು, ಟಿಎಎಯನ್ನು ನಿಲ್ಲಿಸಲು ಆಟದೊಳಗೇ ಆಯ್ಕೆ ಇದೆಯೇ, ನಿಲ್ಲಿಸಿದರೆ ಕೂದಲು-ಹುಲ್ಲು ಹೇಗೆ ಕಾಣುತ್ತದೆ ಎಂಬುದಕ್ಕೆ ಎರಡು ಸಾಲು ಮೀಸಲಿಡಬೇಕು. ಚಿತ್ರ ಅಚ್ಚು ಹಾಕುವುದಿದ್ದರೆ ನಡೆಯುತ್ತಿರುವಾಗ ಹಿಡಿದ ಚಿತ್ರವನ್ನೇ ಹಾಕಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದೃಷ್ಟಿ ಪರೀಕ್ಷಕ, ತುಮಕೂರು