ಚಳಿಗಾಲದ ಶೆಡ್ಡಿನ ಕೆಲಸವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಡ್ರ್ಯಾಗ್ ರೇಸ್ ಎಂದರೆ ಕಾರುಗಳ ಸುಮಾರು 402 ಮೀಟರ್ ನೇರ ಓಟ, ಕೆಲವೇ ಸೆಕೆಂಡು. ಪತ್ರಿಕೆಗಳಲ್ಲಿ ಬರುವುದೂ ಅಷ್ಟೇ. ಚಳಿಗಾಲದಲ್ಲಿ ಶೆಡ್ಡಿನೊಳಗೆ ನಡೆಯುವ ಕೆಲಸದ ಬಗ್ಗೆಯೂ ಬರೆಯಿರಿ ಎಂದು ಕೇಳಲು ಈ ಪತ್ರ.

ನನ್ನ ಕಾರನ್ನು ನಾನೇ ಕಟ್ಟಿದ್ದೇನೆ. ಸೀಸನ್ ಮುಗಿದ ಕೂಡಲೇ ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಪೇಪರಿನ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದೆ. ಸಣ್ಣಗೆ ಮಿನುಗುವ ಲೋಹದ ಪುಡಿ ಕಂಡಿತು. ಇಂಜಿನ್ ತಳದ ಆಯಿಲ್ ತೊಟ್ಟಿ (ಸಂಪ್) ಬಿಚ್ಚಿದರೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಮೂರನೇ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು ತಾಮ್ರದ ಬಣ್ಣ ಎದ್ದಿತ್ತು. ಹಾಗೇ ಓಡಿಸಿದ್ದರೆ ರಾಡ್ ಬ್ಲಾಕನ್ನೇ ಒಡೆದು ಹೊರಗೆ ಬರುತ್ತಿತ್ತೇನೋ. ಇಂಜಿನ್ ಸದ್ದಿನಲ್ಲಿ ಮಾತ್ರ ಏನೂ ಗೊತ್ತಾಗಿರಲಿಲ್ಲ.

ಪೆಟ್ರೋಲ್ ಬದಲು ಮೆಥನಾಲ್ ಎಂಬ ಆಲ್ಕೋಹಾಲ್ ಇಂಧನ ಹಾಕುವವರು ಟ್ಯಾಂಕು, ಪೈಪು ಪೂರ್ತಿ ಖಾಲಿ ಮಾಡಲೇಬೇಕು. ಅದು ತೇವ ಹೀರಿ ಅಲ್ಯೂಮಿನಿಯಂ ತಿನ್ನುತ್ತದೆ.

ಅಪ್‌ಗ್ರೇಡ್ ಎಂದರೆ ಜಾಸ್ತಿ ಪವರ್ ಅಂದುಕೊಳ್ಳುತ್ತಾರೆ, ಅಲ್ವಾ? ನಾನು ಈ ಸಲ ಟರ್ಬೊ ಆಸೆ ಬಿಟ್ಟು ಸೀಟ್ ಬೆಲ್ಟ್ ಬದಲಿಸಿದೆ. ಗಟ್ಟಿಯಾಗೇ ಕಾಣುತ್ತಿತ್ತು, ಆದರೆ ಅವಧಿ ಮುಗಿದಿತ್ತು. ಗೇರ್‌ಬಾಕ್ಸಿಗೆ ರಕ್ಷಣೆಯ ಕವಚವನ್ನೂ ತೊಡಿಸಿದೆ. 1970ರಲ್ಲಿ ಅಮೆರಿಕದ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಅವರ ಕಾರಿನ ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಸಿಡಿದು ಬಲಪಾದದ ಒಂದು ಭಾಗವೇ ಹೋಯಿತು. ಅವರು ಸುಮ್ನೆ ಕೂರಲಿಲ್ಲ. ಇಂಜಿನ್ನನ್ನು ಚಾಲಕನ ಹಿಂದಿಟ್ಟು ಹೊಸ ಕಾರು ಕಟ್ಟಿ, 1971ರಲ್ಲಿ ಅದರಲ್ಲೇ ಗೆದ್ದರು. ಅಂಥ ಕೆಲಸದ ಕಥೆಗೂ ನಿಮ್ಮ ಕ್ರೀಡಾಪುಟದಲ್ಲಿ ಜಾಗ ಕೊಡಿ.

— ರೇಸ್ ಕಾರು ಕಟ್ಟುವ ಒಬ್ಬ ಓದುಗ