ಕಾಲಿನ ಹುಣ್ಣು: ಡ್ರೆಸ್ಸಿಂಗ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ತಿಂಗಳುಗಟ್ಟಲೆ ಮಾಯದ ಕಾಲಿನ ಹುಣ್ಣಿಗೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಬದಲಿಸಿ ಕಳುಹಿಸುವುದನ್ನೇ ಚಿಕಿತ್ಸೆಯೆಂದು ಭಾವಿಸುವ ರೂಢಿ ಆರೋಗ್ಯ ಸೇವೆಯಲ್ಲಿ ಬೇರೂರಿದೆ. ಹುಣ್ಣಿಗೆ ಯಾವ ಮುಲಾಮು ಹಚ್ಚಬೇಕೆಂಬ ಚರ್ಚೆ ನಡೆಯುತ್ತದೆಯೇ ಹೊರತು, ಅದು ಏಕಾಯಿತೆಂದು ಕಾಲನ್ನು ಪರೀಕ್ಷಿಸುವವರು ವಿರಳ. ಶುಶ್ರೂಷಕಿಯರಿಗೂ ಆರೈಕೆ ಸಿಬ್ಬಂದಿಗೂ ಈ ವಿಷಯದಲ್ಲಿ ಕ್ರಮಬದ್ಧ ತರಬೇತಿ ಕೊಡದೆ ಈ ರೂಢಿ ಬದಲಾಗದು.

ಕಾಲಿನ ಹುಣ್ಣುಗಳಲ್ಲಿ ಬಹುಪಾಲು ಅಭಿಧಮನಿಗಳ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳ) ದೋಷದಿಂದ ಬರುವಂಥವು. ಕವಾಟಗಳು ಕೆಟ್ಟು ರಕ್ತ ಮೇಲೇರದೆ ಕಾಲಿನಲ್ಲೇ ನಿಂತು, ಒತ್ತಡ ಹೆಚ್ಚಿ, ಕಾಲು ಊದಿಕೊಂಡು, ಕಣಕಾಲಿನ ಒಳಬದಿಯ ಚರ್ಮ ಕಂದಿ ಗಡುಸಾಗಿ ಕೊನೆಗೆ ಒಡೆಯುತ್ತದೆ. ಇದಕ್ಕೆ ಮುಖ್ಯ ಚಿಕಿತ್ಸೆ ಕಾಲಿಗೆ ಬಿಗಿಯಾಗಿ ಸುತ್ತುವ ಒತ್ತಡದ ಪಟ್ಟಿ. ಆದರೆ ಹೃದಯದಿಂದ ರಕ್ತ ತರುವ ಅಪಧಮನಿಗಳು ಕಿರಿದಾಗಿ ರಕ್ತ ಪೂರೈಕೆಯೇ ಕುಗ್ಗಿರುವ ಕಾಲಿಗೆ ಅದೇ ಪಟ್ಟಿಯನ್ನು ಬಿಗಿದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಆದ್ದರಿಂದ ಪಟ್ಟಿ ಕಟ್ಟುವ ಮೊದಲು, ರಕ್ತದ ಹರಿವನ್ನು ಧ್ವನಿತರಂಗಗಳಿಂದ ಪತ್ತೆಹಚ್ಚುವ ಡಾಪ್ಲರ್ ಯಂತ್ರದಿಂದ ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸಲೇಬೇಕು. ಕಣಕಾಲಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದಾಗ ಬರುವ ಅನುಪಾತ 0.8ಕ್ಕಿಂತ ಕಡಿಮೆಯಿದ್ದರೆ ಪೂರ್ಣ ಒತ್ತಡ ಕೊಡಬಾರದು; 0.5ಕ್ಕಿಂತ ಕಡಿಮೆಯಿದ್ದರೆ ತುರ್ತಾಗಿ ರಕ್ತನಾಳ ತಜ್ಞರ ಬಳಿಗೆ ಕಳುಹಿಸಬೇಕು. ಮಧುಮೇಹಿಗಳಲ್ಲಿ ಅಪಧಮನಿಯ ಗೋಡೆ ಸುಣ್ಣಗಟ್ಟಿ ಗಡುಸಾಗಿ ಈ ಅಂಕಿ ಹುಸಿಯಾಗಿ ಹೆಚ್ಚು ಬರಬಹುದೆಂಬುದನ್ನೂ ಅಳೆಯುವವರು ತಿಳಿದಿರಬೇಕು.

ಪಟ್ಟಿ ಕಟ್ಟುವುದಂತೂ ಓದಿ ಕಲಿಯುವ ವಿದ್ಯೆಯಲ್ಲ. ಕಣಕಾಲಿನಲ್ಲಿ ಸುಮಾರು 40 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಮೊಣಕಾಲಿನತ್ತ ಹೋದಂತೆ ಇಳಿಯಬೇಕು. ಸಡಿಲವಾದರೆ ಪ್ರಯೋಜನವಿಲ್ಲ, ಒಂದೇ ಕಡೆ ಬಿಗಿಯಾದರೆ ಹೊಸ ಗಾಯ. ಪಟ್ಟಿಯಡಿ ಒತ್ತಡಮಾಪಕ ಇಟ್ಟು, ಕಟ್ಟಿದವರಿಗೆ ತಮ್ಮ ಕೈಯ ಬಿಗಿ ಎಷ್ಟೆಂದು ಅಲ್ಲೇ ತೋರಿಸುವ ಅಭ್ಯಾಸವಿಲ್ಲದ ತರಬೇತಿಯನ್ನು ನಾನು ತರಬೇತಿಯೆಂದೇ ಒಪ್ಪುವುದಿಲ್ಲ.

ರೋಗಿಯ ಕಾಲನ್ನು ದಿನವೂ ತೊಳೆದು ಒರೆಸುವ ಆರೈಕೆ ಸಿಬ್ಬಂದಿಯನ್ನು ಇಂಥ ತರಬೇತಿಯಿಂದ ಹೊರಗಿಡುವುದು ಸರಿಯಲ್ಲ. ಚರ್ಮದ ಬಣ್ಣ ಬದಲಾದುದನ್ನೂ, ಪಟ್ಟಿಯ ಕೆಳಗಿನ ಬೆರಳು ತಣ್ಣಗಾಗಿ ಕಪ್ಪಿಟ್ಟುದನ್ನೂ ಮೊದಲು ಕಾಣುವವರು ಅವರೇ. ಹುಣ್ಣಿನಿಂದ ದ್ರವ ಒಸರಿದ ಮಾತ್ರಕ್ಕೆ ಸೋಂಕಾಗಿದೆಯೆಂದು ಭಾವಿಸಿ ಪ್ರತಿಜೈವಿಕ ಔಷಧ ಕೊಡಬಾರದೆಂಬುದನ್ನೂ, ಚಿಕಿತ್ಸೆಗೆ ಬಗ್ಗದೆ ಅಂಚು ಉಬ್ಬಿ ಬೆಳೆಯುವ ಹುಣ್ಣು ಕ್ಯಾನ್ಸರ್ ಆಗಿರಬಹುದೆಂಬುದನ್ನೂ ಎಲ್ಲರಿಗೂ ಹೇಳಿಕೊಡಬೇಕು.

ತಜ್ಞರ ಬಳಿ ಕಳುಹಿಸಲು ತಡಮಾಡುವುದರ ಬೆಲೆಯೂ ಗೊತ್ತಿರುವಂಥದ್ದೇ. ಬ್ರಿಟನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒತ್ತಡದ ಪಟ್ಟಿಯ ಜೊತೆಗೆ ಕೆಟ್ಟ ಅಭಿಧಮನಿಗೂ ಬೇಗನೆ ಚಿಕಿತ್ಸೆ ಪಡೆದವರಲ್ಲಿ ಹುಣ್ಣು ಮಾಯಲು ಹಿಡಿದ ಮಧ್ಯಕ ಅವಧಿ 56 ದಿನ, ತಡವಾಗಿ ಪಡೆದವರಲ್ಲಿ 82 ದಿನ.

ತರಬೇತಿಯ ಅವಧಿಯನ್ನು ಕರ್ತವ್ಯದ ವೇಳೆಯೆಂದೇ ಪರಿಗಣಿಸಬೇಕು, ಕೌಶಲವನ್ನು ವರ್ಷಕ್ಕೊಮ್ಮೆಯಾದರೂ ರೋಗಿಯ ಪಕ್ಕದಲ್ಲೇ ಪರಿಶೀಲಿಸಬೇಕು. ತರಬೇತಿ ಮುಗಿಸಿ ಮರಳುವವರಿಗೆ ಅವರ ಘಟಕದಲ್ಲಿ ಡಾಪ್ಲರ್ ಯಂತ್ರ, ಪಟ್ಟಿಗಳು ಮತ್ತು ಹುಣ್ಣು ಮಾಯ್ದ ಮೇಲೆ ಮರುಕಳಿಸದಂತೆ ತೊಡಿಸುವ ಬಿಗಿ ಕಾಲುಚೀಲಗಳು ಸಿಗುವಂತೆ ಆಡಳಿತದವರು ಮೊದಲೇ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಶುಶ್ರೂಷಕಿ